ಪರಿಮಳಕ್ಕೂ ಒಂದು ಚೀಟಿ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿದವರಿಗೆ ಕಾಯುವ ವಿದ್ಯೆಯನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಸೇಡಮ್ಮಿಗೆ ಹೊರಟಿದ್ದ ನಾನು ಆ ವಿದ್ಯೆಯ ಅಭ್ಯಾಸದಲ್ಲಿದ್ದಾಗ, ಪಕ್ಕದ ಬೆಂಚಿನ ಮೇಲಿನ ರಟ್ಟಿನ ಪೆಟ್ಟಿಗೆಯಿಂದ ಮಲ್ಲಿಗೆಯ ಕಂಪು ತೇಲಿ ಬಂದಿತು. ಸಿಮೆಂಟಿನ ಊರಿನಲ್ಲಿ ಮಲ್ಲಿಗೆಯೇ ಎಂದು ತಿರುಗಿ ನೋಡಿದೆ. ಪೆಟ್ಟಿಗೆಯ ಒಡತಿ ಶಹಾಬಾದಿನ ಗೃಹಿಣಿ. ಮನೆಯಲ್ಲಿಯೇ ಮೇಣ ಕರಗಿಸಿ, ಸುಗಂಧ ತೈಲ ಬೆರೆಸಿ, ತಗಡಿನ ಡಬ್ಬಿಗಳಲ್ಲಿ ಹೊಯ್ದು, ಚಿತ್ತಾಪುರ ಮತ್ತು ಸೇಡಮ್ಮಿನ ಅಂಗಡಿಗಳಿಗೆ ಒದಗಿಸುತ್ತಾರೆ. ಸೇಡಮ್ಮಿನಲ್ಲಿ ಇಳಿದು ಬಸ್ಸು ಹಿಡಿದು ಚಿಂಚೋಳಿಯವರೆಗೂ ಹೋಗುವುದುಂಟು.

ಮಾತಿಗೆ ಮಾತು ಬೆಳೆದು ಅವರ ಚಿಂತೆ ಹೊರಬಿತ್ತು. ಇಂಗ್ಲೆಂಡಿನಲ್ಲಿರುವ ಚಿಕ್ಕಪ್ಪನ ಮಗಳು ದೀಪಾವಳಿಗೆಂದು ಇನ್ನೂರು ಡಬ್ಬಿ ಕೇಳಿದ್ದಾಳೆ. ಆದರೆ ಪ್ರತಿ ಡಬ್ಬಿಯ ಮೇಲೂ ರಾಸಾಯನಿಕ ಎಚ್ಚರಿಕೆಯ ಚೀಟಿ ಇಲ್ಲದಿದ್ದರೆ ಅಲ್ಲಿ ಮಾರುವಂತಿಲ್ಲವೆಂದು ಬರೆದಿದ್ದಾಳೆ.

"ಮಲ್ಲಿಗಿ ವಾಸನಿಗೂ ಎಚ್ಚರಿಕಿ ಚೀಟಿ ಬೇಕಂತ ರೀ ಅಣ್ಣಾರ. ನಾವೇನು ಎಣ್ಣಿ ಮಾರ್ತೀವೇನ್ರಿ?"

ತೊಗರಿ ಬೆಳೆಯುವ ಈ ಸೀಮೆಯಲ್ಲಿ "ಎಣ್ಣಿ" ಎಂದರೆ ಅಡುಗೆಯ ಎಣ್ಣೆ ಮಾತ್ರವಲ್ಲ, ಹೊಲಕ್ಕೆ ಹೊಡೆಯುವ ಕೀಟನಾಶಕವೂ ಹೌದು. ಆ ಬಾಟಲಿಯ ಮೇಲಿನ ಓರೆ ಚೌಕವನ್ನು ಅಕ್ಷರ ಬಾರದ ರೈತನೂ ಬಲ್ಲ. ೧೯೭೧ರ ಕೀಟನಾಶಕ ನಿಯಮಗಳ ಪ್ರಕಾರ ಚೌಕದ ಕೆಳಗಿನ ತ್ರಿಕೋನ ಕೆಂಪಾದರೆ ವಿಷ ಅತ್ಯುಗ್ರ, ಹಳದಿಯಾದರೆ ಉಗ್ರ, ನೀಲಿಯಾದರೆ ಮಧ್ಯಮ, ಹಸಿರಾದರೆ ಸೌಮ್ಯ. ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲಿಯೂ ವಿವರಗಳನ್ನು ಅಚ್ಚು ಹಾಕಬೇಕು. ಸಿಮೆಂಟಿನ ಚೀಲಕ್ಕೂ ಚೀಟಿಯುಂಟು. ತುಂಬಿದ ವಾರ ಯಾವುದು, ವರ್ಷ ಯಾವುದು ಎಂದು ಚೀಲ ತಿರುಗಿಸಿ ನೋಡದೆ ಬಲ್ಲ ಮೇಸ್ತ್ರಿ ಅದನ್ನು ಒಡೆಯುವುದಿಲ್ಲ. ಹೀಗೆ ಚೀಟಿಯನ್ನು ಓದುವ ಅಭ್ಯಾಸ ಈ ಭಾಗದ ಜನರಿಗೆ ಹೊಸದಲ್ಲ. ಪರಿಮಳಕ್ಕೂ ಚೀಟಿಯೆಂಬುದೇ ಹೊಸತು.

ಆ ತಂಗಿ ಹೇಳುತ್ತಿದ್ದ ನಿಯಮದ ಬೇರು ೧೯೯೨ರ ರಿಯೋ ಭೂಶೃಂಗದಲ್ಲಿದೆ. ರಾಸಾಯನಿಕಗಳ ಅಪಾಯವನ್ನು ಲೋಕದಲ್ಲೆಲ್ಲ ಒಂದೇ ಬಗೆಯ ಚಿಹ್ನೆಗಳಿಂದ ತಿಳಿಸಬೇಕೆಂದು ಅಲ್ಲಿ ಸಂಕಲ್ಪ ಮಾಡಿದರು. ೨೦೦೩ರಲ್ಲಿ ವಿಶ್ವಸಂಸ್ಥೆ ಅದರ ಪದ್ಧತಿಯನ್ನು ಪ್ರಕಟಿಸಿತು. ಯುರೋಪಿನವರು ೨೦೦೮ರಲ್ಲಿ ಅದನ್ನು ಕಾನೂನಾಗಿಸಿ, ೨೦೧೫ರ ಜೂನ್ ತಿಂಗಳಿನಿಂದ ಮಿಶ್ರಣಗಳಿಗೂ ಕಡ್ಡಾಯ ಮಾಡಿದರು. ಒಕ್ಕೂಟ ಬಿಟ್ಟ ಬಳಿಕ ಬ್ರಿಟನ್ ಕೂಡ ಅದನ್ನು ತನ್ನ ಕಾನೂನಿನಲ್ಲಿ ಉಳಿಸಿಕೊಂಡಿತು. ಆ ಕಾನೂನಿನ ದೃಷ್ಟಿಯಲ್ಲಿ ಪರಿಮಳದ ಮೇಣದ ಬತ್ತಿಯೂ ಒಂದು ಮಿಶ್ರಣ. ಕಾರ್ಖಾನೆ ಮಾಡಿದರೂ, ಅಡುಗೆಮನೆಯ ಒಲೆಯ ಮೇಲೆ ಮಾಡಿದರೂ ಲೆಕ್ಕ ಒಂದೇ.

ಲೆಕ್ಕವೆಂದೆ, ಅದನ್ನೂ ನೋಡಿಬಿಡೋಣ. ಮೇಣದಲ್ಲಿ ಹೆಚ್ಚಿನ ತಕರಾರಿಲ್ಲ. ತಕರಾರು ಇರುವುದು ತೈಲದಲ್ಲಿ. ನಿಂಬೆಹುಲ್ಲಿನ ತೈಲವನ್ನೇ ತೆಗೆದುಕೊಳ್ಳಿ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಸಿಟ್ರಾಲ್ ಎಂಬ ದ್ರವ್ಯ. ೧೦೦ ಗ್ರಾಂ ಬತ್ತಿಗೆ ೬ ಗ್ರಾಂ ತೈಲ ಬೆರೆಸಿದರೆ ಅದರಲ್ಲಿ ಸಿಟ್ರಾಲ್ ೪.೫ ಗ್ರಾಂ, ಅಂದರೆ ಶೇಕಡಾ ೪.೫. ಚರ್ಮಕ್ಕೆ ಒಗ್ಗದ ಇಂಥ ದ್ರವ್ಯ ಶೇಕಡಾ ೧ನ್ನು ಮುಟ್ಟಿದೊಡನೆ ಕೆಂಪು ಅಂಚಿನ ಓರೆ ಚೌಕದೊಳಗೆ ಆಶ್ಚರ್ಯಸೂಚಕ ಚಿಹ್ನೆ, ಅದರೊಡನೆ ಎಚ್ಚರಿಕೆಯ ವಾಕ್ಯ, ಮಾರುವವನ ಹೆಸರು, ವಿಳಾಸ, ದೂರವಾಣಿ ಇವೆಲ್ಲ ಬರಬೇಕು. ಚಿಹ್ನೆ ಒಂದು ಚದರ ಸೆಂಟಿಮೀಟರಿಗಿಂತ ಕಿರಿದಾಗಕೂಡದು. ಶೇಕಡಾ ೧ಕ್ಕಿಂತ ಕಡಿಮೆ, ೦.೧ಕ್ಕಿಂತ ಕಡಿಮೆಯಲ್ಲ ಎಂದಾದರೆ, ಇಂಥ ದ್ರವ್ಯವಿದೆ, ಅಲರ್ಜಿ ತರಬಹುದು ಎಂಬ ಒಂದು ಸಾಲು ಸಾಕು. ಕೆಲವು ತೀಕ್ಷ್ಣ ದ್ರವ್ಯಗಳಿಗೆ ಮಿತಿ ಇನ್ನೂ ಬಿಗಿ.

"ನಾನು ಹಾಕೋದು ಬರೇ ನೈಸರ್ಗಿಕ ರೀ" ಎಂದರು. ಎಲ್ಲರೂ ಹಾಗೆಯೇ ನಂಬಿದ್ದೇವೆ. ಆದರೆ ಸಿಟ್ರಾಲ್ ಬಂದಿದ್ದು ಹುಲ್ಲಿನಿಂದ, ಲಿಮೊನೀನ್ ಕಿತ್ತಳೆಯ ಸಿಪ್ಪೆಯಿಂದ, ಯೂಜಿನಾಲ್ ನಮ್ಮ ಲವಂಗದಿಂದ. ಇವೆಲ್ಲವೂ ಆ ಪಟ್ಟಿಯಲ್ಲಿವೆ. ಇನ್ನು ಅಗ್ಗಕ್ಕೆ ದೊರೆಯುವ "ಮಲ್ಲಿಗೆ" ತೈಲದ ಬಹುಪಾಲು ಹೂವಿನ ಮುಖವನ್ನೇ ಕಂಡಿರುವುದಿಲ್ಲ. ಅದರೊಳಗೆ ಏನಿದೆಯೆಂಬುದನ್ನು ಮೂಗು ಹೇಳಲಾರದು, ತೈಲ ಮಾರುವವರು ಕೊಡಬೇಕಾದ ಸುರಕ್ಷತಾ ಪತ್ರವೇ ಹೇಳಬೇಕು. ಹದಿನಾರು ಭಾಗಗಳ ಆ ಪತ್ರವನ್ನು ಅವರು ಎಂದೂ ಕೇಳಿರಲಿಲ್ಲ, ಮಾರಿದವರೂ ಕೊಟ್ಟಿರಲಿಲ್ಲ.

ನಮ್ಮ ದೇಶದಲ್ಲೇನು ಕೇಳುತ್ತಾರೆ? ೨೦೧೧ರ ಕಾನೂನುಬದ್ಧ ಮಾಪನಶಾಸ್ತ್ರದ ಪೊಟ್ಟಣ ನಿಯಮಗಳು ತಯಾರಕರ ಹೆಸರು, ವಿಳಾಸ, ಸರಕಿನ ಹೆಸರು, ತೂಕ, ತಿಂಗಳು ಮತ್ತು ವರ್ಷ, ಬೆಲೆ, ದೂರು ಹೇಳಲು ಸಂಪರ್ಕ ಇಷ್ಟನ್ನು ಕೇಳುತ್ತವೆ. ಪರಿಮಳದ ಒಳಗುಟ್ಟನ್ನು ಕೇಳುವುದಿಲ್ಲ. ಅಷ್ಟನ್ನೂ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆದರೆ ಸಾಕು. ಕನ್ನಡವನ್ನು ಬೇಕಿದ್ದರೆ ಸೇರಿಸಿಕೊಳ್ಳಬಹುದು. ಹೊಲದ ಎಣ್ಣೆಗೆ ಜನರ ಭಾಷೆ ಬೇಕು, ಕೂಸು ಮಲಗುವ ಕೋಣೆಯ ಬತ್ತಿಗೆ ಬೇಡವೆಂಬುದು ನನಗೇನೋ ಒಪ್ಪಿಗೆಯಾಗಲಿಲ್ಲ. ಬತ್ತಿಯ ಹತ್ತಿರದ ಬಂಧುವಾದ ಊದುಬತ್ತಿಯ ಕಡೆಗೆ ಮಾತ್ರ ಈಚೆಗೆ ಕಣ್ಣು ಬಿದ್ದಿದೆ. ೨೦೨೫ರ ಡಿಸೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆ ಅದಕ್ಕೊಂದು ಮಾನಕವನ್ನು ಹೊರಡಿಸಿ, ಕೆಲವು ಕೀಟನಾಶಕಗಳನ್ನೂ ಕೆಲವು ಕೃತಕ ಸುಗಂಧ ದ್ರವ್ಯಗಳನ್ನೂ ಬಳಸಬಾರದೆಂದಿತು. ಮೈಸೂರು, ಬೆಂಗಳೂರುಗಳ ಮನೆಮನೆಯ ಊದುಬತ್ತಿ ಉದ್ಯೋಗಕ್ಕೆ ಇದು ಸಣ್ಣ ಸಂಗತಿಯಲ್ಲ.

ಗಾಡಿ ಬಂದಿತು. ಚಿತ್ತಾಪುರ ದಾಟುವವರೆಗೂ ಆಕೆ ಏನೋ ಯೋಚಿಸುತ್ತಿದ್ದರು. ಆಮೇಲೆ ಮೆಲ್ಲನೆ ನಿಜವಾದ ಸಂಗತಿ ತಿಳಿಸಿದರು. ಕಳೆದ ತಿಂಗಳು ಚಿಂಚೋಳಿಯ ಅಂಗಡಿಗೆ ಒಬ್ಬ ತಾಯಿ ಡಬ್ಬಿ ಹಿಂತಿರುಗಿಸಲು ಬಂದಿದ್ದಳಂತೆ. ಕರಗಿದ ಮೇಣ ಆರಿದ ಮೇಲೆ ಅದನ್ನು ಉಂಡೆ ಕಟ್ಟಿ ಆಡಿದ ಮಗುವಿನ ಅಂಗೈಯೆಲ್ಲ ಕೆಂಪೆದ್ದು ತುರಿಕೆಯಾಗಿತ್ತು. ವೈದ್ಯರು, ಇದರಲ್ಲಿ ಏನು ಹಾಕಿದ್ದಾರೆ ಎಂದು ಕೇಳಿ ಕಳುಹಿಸಿದ್ದರು.

"ಆ ವಾರ ಮೂರು ತರದ ಎಣ್ಣಿ ತಂದಿದ್ದೆ ರೀ. ಆ ಡಬ್ಬಿಗೆ ಯಾವುದು ಹಾಕಿದ್ದೆ ಅಂತ ನನಗೇ ಗೊತ್ತಿಲ್ಲ. ರೊಕ್ಕ ವಾಪಸ್ ಕೊಟ್ಟೆ. ಡಾಕ್ಟರಿಗೆ ಏನ್ ಹೇಳಲಿ?"

ಮಗುವಿನ ಕೈ ವಾಸಿಯಾಯಿತಂತೆ. ಆದರೆ ಮೇಣದಿಂದಲೇ ಆಯಿತೋ ಬೇರೆಯದರಿಂದಲೋ, ಇನ್ನು ಮುಂದೆ ಆ ಮಗು ಯಾವುದರಿಂದ ದೂರವಿರಬೇಕೋ, ಆ ತಾಯಿಗೆ ಇಂದಿಗೂ ತಿಳಿಯದು. ಒಮ್ಮೆ ಒಗ್ಗದ ದ್ರವ್ಯ ಸಾಬೂನಿನಲ್ಲೋ ಅತ್ತರಿನಲ್ಲೋ ಮತ್ತೆ ಎದುರಾಗಬಹುದು.

ಇನ್ನೂರು ಡಬ್ಬಿಯ ವಿಷಯವನ್ನು ನಾನು ತಂಗಿಯ ಮೇಲೆಯೇ ಬಿಟ್ಟೆ. ಅಲ್ಲಿಯ ಚೀಟಿಯ ಮೇಲೆ ಇಂಗ್ಲೆಂಡಿನಲ್ಲಿ ತರಿಸಿ ಮಾರುವವಳ ಹೆಸರು, ವಿಳಾಸ ಬರಬೇಕಾದ್ದರಿಂದ ಹೊಣೆಯಲ್ಲಿ ಆ ಹುಡುಗಿಗೂ ಪಾಲುಂಟು ಎಂದಷ್ಟೇ ತಿಳಿಸಿದೆ. ಚಿಂಚೋಳಿಯ ಡಬ್ಬಿಗಳ ಮಾತನ್ನು ಮಾತ್ರ ಸೇಡಂ ನಿಲ್ದಾಣ ಬರುವುದರೊಳಗೆ ಅಂಗೈಯಗಲದ ಕಾಗದದ ಮೇಲೆ ಬರೆದು ಮುಗಿಸಿದೆವು. ಹೊಯ್ದ ದಿನ, ತೈಲದ ಹೆಸರು ಮತ್ತು ಅದು ಬಂದ ಅಂಗಡಿ, ಗುರುತಿನ ಅಂಕಿ. ಕೆಳಗೆ ಕನ್ನಡದಲ್ಲಿ: "ಇದರಲ್ಲಿ ಸಿಟ್ರಾಲ್ ಇದೆ. ಕೆಲವರ ಚರ್ಮಕ್ಕೆ ಒಗ್ಗದು. ಮಕ್ಕಳ ಕೈಗೆ ಕೊಡಬೇಡಿ. ಉರಿಯುತ್ತಿರುವಾಗ ಬಿಟ್ಟು ಹೋಗಬೇಡಿ." ಸಿಟ್ರಾಲ್ ಇರುವ ಜಾಗದಲ್ಲಿ ಆಯಾ ತೈಲದ ದ್ರವ್ಯದ ಹೆಸರು ಬದಲಾಗುತ್ತದೆ, ಅದಕ್ಕೆ ಸುರಕ್ಷತಾ ಪತ್ರ ಕೈಗೆ ಬರಬೇಕು.

ಕಳೆದ ವಾರ ಅವರ ಕಾಗದ ಬಂದಿದೆ. ಇಬ್ಬರು ತೈಲದವರಲ್ಲಿ ಒಬ್ಬರು ಪತ್ರ ಕಳುಹಿಸಿದ್ದಾರೆ, ಇನ್ನೊಬ್ಬರು ಉತ್ತರಿಸಿಲ್ಲ; ಅವರ ತೈಲವನ್ನು ಸದ್ಯಕ್ಕೆ ಕೊಳ್ಳುವುದಿಲ್ಲವಂತೆ. ಚಿತ್ತಾಪುರದ ಅಚ್ಚುಕೂಟದವನು, ಇಷ್ಟು ಅಕ್ಷರ ಡಬ್ಬಿಯ ಮುಚ್ಚಳದ ಮೇಲೆ ಕೂರದು, ತಳಕ್ಕೆ ಹಚ್ಚಿರಿ ಎಂದನಂತೆ. ತಳದಲ್ಲಿ ಹಚ್ಚಿದರೆ ಯಾರು ಓದುತ್ತಾರೆಂದು ಅವನೊಡನೆ ಜಗಳಾಡಿ, ದಾರ ಕಟ್ಟಿ ತೂಗುಬಿಡುವ ಚೀಟಿಗೆ ಒಪ್ಪಿಸಿ ಬಂದಿದ್ದಾರೆ.