ಸರ್ವ್ ಲೆಕ್ಕದಲ್ಲಿ ಎದುರಾಳಿಗೂ ಪಾಲುಂಟು

ಟೆನಿಸ್‌ನಲ್ಲಿ ಎದುರಾಳಿಯ ಹಂಗಿಲ್ಲದೆ ಹೊಡೆಯುವ ಹೊಡೆತ ಸರ್ವ್ ಒಂದೇ. ಚೆಂಡು ತನ್ನ ಕೈಯಲ್ಲಿರುತ್ತದೆ. ಎತ್ತ, ಎಷ್ಟು ಬಿರುಸಾಗಿ ಎಂಬುದೂ ತನ್ನದೇ ತೀರ್ಮಾನ. ಅಂಕಿಅಂಶದವರ ಕಣ್ಣು ಅದರ ಮೇಲೆ ಬಿದ್ದಿರುವುದು ಸಹಜ. ಲಾಭವೂ ಸಣ್ಣದಲ್ಲ. ಸರ್ವ್ ಮಾಡಿದಾಗ ನೂರಕ್ಕೆ 60 ಅಂಕ ಗೆಲ್ಲುವವನು ತನ್ನ ಸರ್ವ್‌ನ ಗೇಮ್‌ಗಳಲ್ಲಿ ಸುಮಾರು ಶೇ 74ರಷ್ಟನ್ನು ಉಳಿಸಿಕೊಳ್ಳುತ್ತಾನೆ. ಅದೇ 65 ಗೆದ್ದರೆ ಶೇ 83. ಆದರೆ ಈ ಅಂಕಿಗಳನ್ನು ಆಟಗಾರನೊಬ್ಬನ ಸೊತ್ತು ಎಂದು ಓದುವುದರಲ್ಲೇ ತಪ್ಪಿದೆ.

ಎರಡನೇ ಸರ್ವನ್ನೇ ನೋಡಿ. ಒಬ್ಬನ ಮೊದಲ ಸರ್ವ್ ನೂರಕ್ಕೆ 60 ಸಲ ಒಳಗೆ ಬೀಳುತ್ತದೆ, ಬಿದ್ದಾಗ ಶೇ 75ರಷ್ಟು ಅಂಕ ಅವನದೇ ಎಂದಿಟ್ಟುಕೊಳ್ಳೋಣ. ಎರಡನೆಯದನ್ನೂ ಅಷ್ಟೇ ಬಿರುಸಾಗಿ ಹೊಡೆದರೆ ಗೆಲ್ಲುವುದು 60ರ ಮುಕ್ಕಾಲು, ಅಂದರೆ ಶೇ 45. ನಿಧಾನದ ಸರ್ವ್‌ನಲ್ಲಿ ಶೇ 50 ಗೆಲ್ಲುವವನಿಗೆ ನಿಧಾನವೇ ಮೇಲು. ಶೇ 40 ಮಾತ್ರ ಗೆಲ್ಲುವವನು ಡಬಲ್ ಫಾಲ್ಟಿಗೆ ಅಂಜದೆ ಬೀಸುವುದೇ ಸರಿ. ಕಾಗದದ ಮೇಲೆ ಇದು ಸರಿಯಾದ ಲೆಕ್ಕ. ಆದರೆ ಎರಡನೆಯದೂ ಬಿರುಸಾಗಿಯೇ ಬರುತ್ತದೆಂದು ಗೊತ್ತಾದ ಎದುರಾಳಿ ನಾಲ್ಕು ಹೆಜ್ಜೆ ಹಿಂದೆ ನಿಂತ ಮೇಲೆ ಆ 75 ಹಾಗೇ ಉಳಿದೀತೆ?

ದಿಕ್ಕಿನ ವಿಷಯವೂ ಅಷ್ಟೆ. ಅರ್ಥಶಾಸ್ತ್ರಜ್ಞರಾದ ಮಾರ್ಕ್ ವಾಕರ್ ಮತ್ತು ಜಾನ್ ವುಡರ್ಸ್ ದೊಡ್ಡ ಪಂದ್ಯಗಳ ಸರ್ವ್‌ಗಳನ್ನು ಎಡ, ಬಲ ಎಂದು ವಿಂಗಡಿಸಿ 2001ರಲ್ಲಿ ಪ್ರಬಂಧ ಪ್ರಕಟಿಸಿದರು. ಎರಡೂ ಕಡೆ ಗೆಲುವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಆಗಬೇಕಾದದ್ದೂ ಅದೇ: ಒಂದು ಕಡೆ ಲಾಭ ಹೆಚ್ಚಿದ್ದರೆ ಸರ್ವ್ ಅತ್ತ ಹರಿಯುತ್ತದೆ, ಎದುರಾಳಿ ಅತ್ತ ವಾಲುತ್ತಾನೆ, ಲಾಭ ಕರಗುತ್ತದೆ. ಆದರೆ ಅವರು ಒಂದು ದೌರ್ಬಲ್ಯವನ್ನೂ ಕಂಡರು. ಆಟಗಾರರು ದಿಕ್ಕನ್ನು ಅಗತ್ಯಕ್ಕಿಂತ ಹೆಚ್ಚಾಗಿ ಬದಲಿಸುತ್ತಿದ್ದರು. ಕಳೆದ ಸಲ ಎಡಕ್ಕೆ ಹೊಡೆದವನು ಈ ಸಲ ಬಲಕ್ಕೆ ಹೊಡೆದಾನೆಂದು ಊಹಿಸಲು ಅಷ್ಟು ಸಾಕು.

ಹಾಗಾಗಿ ‘ವೈಡ್ ಸರ್ವ್‌ನಲ್ಲಿ ಹತ್ತಕ್ಕೆ ಏಳು ಗೆದ್ದಿದ್ದೀಯ, ಅಲ್ಲಿಗೇ ಹೊಡಿ’ ಎನ್ನುವ ಕೋಚ್ ಎರಡು ಸಲ ಎಡವುತ್ತಾರೆ. ಎದುರಾಳಿ ಬದಲಾಗುತ್ತಾನೆ ಎಂಬುದನ್ನು ಮರೆಯುವುದು ಒಂದು. ಹತ್ತು ಸಲ ನಾಣ್ಯ ಚಿಮ್ಮಿದರೂ ಏಳು ಅಥವಾ ಹೆಚ್ಚು ಬಾರಿ ರಾಜನ ಮುಖ ಬೀಳುವ ಸಾಧ್ಯತೆ ಶೇ 17ರಷ್ಟಿದೆ ಎಂಬುದನ್ನು ಮರೆಯುವುದು ಇನ್ನೊಂದು.

ಪ್ರಜ್ವಲ್ ದೇವ್ ಅವರಂಥ ಆಟಗಾರರನ್ನು ಕೊಟ್ಟ, ಐಟಿಎಫ್ ಟೂರ್ನಿ ನಡೆಸಿದ ಮೈಸೂರಿಗೆ ಈ ವಿದ್ಯೆ ದುಬಾರಿಯದಲ್ಲ. ಹಾಕ್‌ಐ ಕ್ಯಾಮೆರಾಗಳೇ ಬೇಕೆಂದಿಲ್ಲ. ಕೋರ್ಟ್ ಪಕ್ಕ ಕೂತು ಪ್ರತಿ ಸರ್ವ್ ಯಾವ ಕಡೆ ಹೋಯಿತು, ಮೊದಲನೆಯದೋ ಎರಡನೆಯದೋ, ಅಂಕ ಯಾರಿಗೆ, ಎದುರಾಳಿ ಎಲ್ಲಿ ನಿಂತಿದ್ದ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದರೆ ಸಾಕು. ಒಂದು ಪಂದ್ಯಕ್ಕೇ ತೀರ್ಪು ಕೊಡದೆ ಒಂದಿಡೀ ಋತುವಿನ ಗುರುತುಗಳನ್ನು ಕೂಡಿಸಬೇಕು. ಆಮೇಲೆ ಕೋಚ್‌ಗಳು ಕೇಳಬೇಕಾದ್ದು ‘ಎಲ್ಲಿ ಹೆಚ್ಚು ಗೆದ್ದೆ’ ಎಂದಲ್ಲ. ‘ನಿನ್ನ ಮುಂದಿನ ಸರ್ವನ್ನು ಎದುರಾಳಿ ಊಹಿಸಬಲ್ಲನೆ’ ಎಂದು.