ಹುಲ್ಲುಗಾವಲು ಬೀಳುಭೂಮಿಯಲ್ಲ

ಬೀದರದಿಂದ ಭಾಲ್ಕಿಗಾಗಲಿ ಔರಾದಕ್ಕಾಗಲಿ ನಸುಕಿನಲ್ಲಿ ಹೊರಟ ವಾಚಕರು ಕಡಲೆಯ ಹೊಲಗಳಾಚೆ ಚಿಗರಿಯ ಹಿಂಡನ್ನು ಕಂಡಿರಬಹುದು. ಪುರಾಣಗಳ ಕೃಷ್ಣಮೃಗವೆಂದರೆ ಇದೇ. ಎಳೆಯ ಪೈರನ್ನು ಮೇದುಹೋಗುವ ಪ್ರಾಣಿಯನ್ನು ರೈತನು ಶಪಿಸಿದರೆ ಅವನದು ತಪ್ಪೆನ್ನಲಾಗದು. ಆದರೆ ಊರ ಗೈರಾಣಗಳು ನೇಗಿಲಿಗೆ ಸಿಕ್ಕಿ ಕಿರಿದಾದ ಮೇಲೆ ಆ ಮೂಕಪ್ರಾಣಿಯಾದರೂ ಎಲ್ಲಿ ಮೇಯಬೇಕು?

ಹಳೆಯ ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಚಿಕ್ಕದೇವರಾಜ ಒಡೆಯರ ಆಳಿಕೆಯಲ್ಲಿ (1673–1704) ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಏರ್ಪಟ್ಟಿತು. ಟಿಪ್ಪೂ ಸುಲ್ತಾನನು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಫಿರಂಗಿಗಳನ್ನೆಳೆಯುವ ಎತ್ತುಗಳು ಬೆಳೆದುದು ಅಲ್ಲಿಯೇ. ಕಾವಲುಗಳಲ್ಲಿ ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆ. ಹಿಂಡು ಒಂದರಿಂದ ಇನ್ನೊಂದಕ್ಕೆ ಸಾಗಿದಾಗ, ಬಿಟ್ಟ ನೆಲದಲ್ಲಿ ಹುಲ್ಲು ಬೀಜ ಕಟ್ಟಿ ಉದುರಿಸುವಷ್ಟು ವಿರಾಮ ದೊರೆಯುತ್ತಿದ್ದಿತು. ದನಕ್ಕೆಂದು ಕಾದ ಹುಲ್ಲಿನಲ್ಲಿ ಚಿಗರಿಯೂ ತೋಳವೂ ಬದುಕಿದವು. 1860ರಲ್ಲಿ ವೆಚ್ಚ ತಗ್ಗಿಸಲೆಂದು ಸರ್ಕಾರವು ಈ ದನಗಳನ್ನು ಮಾರಿಬಿಟ್ಟಿತು. ಒಳ್ಳೆಯ ಎತ್ತುಗಳಿಲ್ಲದೆ ಪೇಚಾಡಿ 1866ರಲ್ಲಿ ಮತ್ತೆ ಆರಂಭಿಸಿತು!

ಮುಂದೆ ಯಂತ್ರಗಳು ಬಂದವು, ಕಾವಲುಗಳು ಹಂಚಿಹೋದವು. ಬಯಲುನಾಡಿಗೆ ಒದಗಿದ ಇನ್ನೊಂದು ಕೇಡು ಸದುದ್ದೇಶದಿಂದಲೇ ಬಂದುದು. ಬಯಲೆಂದರೆ ಬೀಳೆಂದು ಬಗೆದು ನೀಲಗಿರಿಯನ್ನು ನೆಟ್ಟರು. 1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ 119 ಚದರ ಕಿಲೋಮೀಟರುಗಳ ಕೃಷ್ಣಮೃಗಧಾಮದಲ್ಲಿಯೂ ನೀಲಗಿರಿಯ ತೋಪುಗಳು ಹರಡಿವೆ. ಬಯಲನ್ನೇ ನಂಬಿದ ಎರೆಭೂತ ಪಕ್ಷಿಯು ಅಲ್ಲಿಂದ ಕಣ್ಮರೆಯಾಗಿದೆ. ಸಸಿ ನೆಡುವ ಉತ್ಸವಗಳಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಈ ಲೇಖಕನೂ ಒಬ್ಬನೆಂಬುದನ್ನು ಮುಚ್ಚಿಡುವುದಿಲ್ಲ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆಗಳ ಬಯಲು 2007ರಲ್ಲಿಯೂ, ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ 736 ಹೆಕ್ಟೇರುಗಳು 2011ರಲ್ಲಿಯೂ ‘ಸಂರಕ್ಷಣಾ ಮೀಸಲು’ಗಳಾದವು. 2002ರ ಕಾನೂನು ತಿದ್ದುಪಡಿಯಿಂದ ಬಂದ ಈ ಏರ್ಪಾಡಿನಲ್ಲಿ ಸುತ್ತಣ ಜನರೊಡನೆ ಸಮಾಲೋಚಿಸಬೇಕು. ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಗಳಿರಬೇಕು. ಬಾಸೂರು ಅಮೃತಮಹಲ್ ತಳಿಯನ್ನು ಸಾಕುವ ಕೇಂದ್ರವೂ ಹೌದು. ಮೃಗಕ್ಕೆ ಎಡೆಮಾಡಲು ದನವನ್ನು ಅಟ್ಟಲೇಬೇಕೆಂಬ ನಿಯಮವೇನೂ ಇಲ್ಲ.

ದೇವಣಿ ದನಗಳ ಸೀಮೆಯಾದ ನಮ್ಮಲ್ಲಿಯೂ ಅಲ್ಲಲ್ಲಿ ಗೈರಾಣಗಳು ಉಳಿದಿವೆ. ಅಲ್ಲಿ ಸಸಿಗೆ ಗುಳಿ ತೋಡುವ ಮೊದಲು, ಒಂದು ಮಳೆಗಾಲ ಅರ್ಧ ಭಾಗಕ್ಕೆ ದನ ಬಿಡದೆ, ಯಾವ ಯಾವ ಹುಲ್ಲು ಏಳುವುದೆಂದು ಊರ ದನಗಾಹಿಯನ್ನು ಕರೆದು ಕೇಳಬಹುದು. ಚಿಗರಿ ಮೇದ ಬೆಳೆಗೆ ಪರಿಹಾರವು ಮುಂದಿನ ಬಿತ್ತನೆಯೊಳಗೆ ರೈತನ ಕೈಸೇರಬೇಕು; ಅದಾಗದೆ ಅವನೆದುರು ಆ ಪ್ರಾಣಿಯ ಪರವಾಗಿ ಮಾತನಾಡಲು ನಮಗೆ ಮುಖವಿಲ್ಲ.