ವಕೀಲರ ವಿನೋದ

ಕಳೆದ ತಿಂಗಳು ಕೆಂಗೇರಿ ಉಪನಗರದ ನಮ್ಮ ಮನೆಗೆ ನೆರೆಯ ಗೃಹಸ್ಥರೊಬ್ಬರು ಬಂದು ತಮ್ಮ ವ್ಯಥೆಯನ್ನು ತೋಡಿಕೊಂಡರು. ಸಾಲಮಾಡಿ ಕಾನೂನು ಓದಿಸಿದ ಮಗನು ಕೋರ್ಟಿಗೆ ಹೋಗದೆ ನಗೆನಾಟಕಗಳನ್ನು ಬರೆಯುತ್ತ ಕುಳಿತಿರುವನಂತೆ. “ಮೇಷ್ಟರೇ, ನೀವಾದರೂ ಬುದ್ಧಿ ಹೇಳಿ” ಎಂದರು. ನಾವು ಬುದ್ಧಿಗೆ ಬದಲಾಗಿ ಬಾಗಲಕೋಟೆಯ ಕೆರೂರ ವಾಸುದೇವಾಚಾರ್ಯರ ಕಥೆಯನ್ನು ಹೇಳಿದೆವು. ವಾಚಕರೂ ಅದನ್ನು ಲಾಲಿಸಬಹುದು.

1866ರಲ್ಲಿ ಜನಿಸಿದ ಆಚಾರ್ಯರು ವೃತ್ತಿಯಿಂದ ವಕೀಲರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಸೀಮೆಯಲ್ಲಿ ಆಗ ಮರಾಠಿ ನಾಟಕಗಳದೇ ಪ್ರಾಬಲ್ಯ. ಕನ್ನಡಿಗನು ಕಾಸು ಕೊಟ್ಟು ಪರಭಾಷೆಯಲ್ಲಿ ನಗಬೇಕಾಗಿದ್ದ ಕಾಲ. ಆಚಾರ್ಯರು ‘ಇಂದಿರೆ’ ಎಂಬ ಕಾದಂಬರಿಯನ್ನು ಬರೆದರು, ‘ಶುಭೋದಯ’, ‘ಸಚಿತ್ರ ಭಾರತ’ ಪತ್ರಿಕೆಗಳನ್ನು ನಡೆಯಿಸಿದರು. ನಮಗೆ ಪ್ರಿಯವಾದುವು ಮಾತ್ರ ಅವರ ವಿನೋದನಾಟಕಗಳು.

ಷೇಕ್ಸ್‌ಪಿಯರನ ವೆನಿಸ್ಸಿನ ವರ್ತಕನು ಅವರ ಕೈಯಲ್ಲಿ ‘ಸುರತ ನಗರದ ಶ್ರೇಷ್ಠಿ’ಯಾದನು. ಕಡಲ ವ್ಯಾಪಾರಕ್ಕೆ ಹೆಸರಾದ ಸುರತಪಟ್ಟಣಕ್ಕಿಂತ ಯೋಗ್ಯವಾದ ಊರು ದೊರೆಯುತ್ತಿತ್ತೆ? ಮಾಂಸವನ್ನು ಕೊಯ್ಯಬಹುದು, ಆದರೆ ರಕ್ತ ಬೀಳಕೂಡದು ಎಂಬ ಮೂಲದ ವಾದವನ್ನು ಪಂಡಿತರು ಕಾವ್ಯನ್ಯಾಯವೆಂದಾರು. ಕರಾರುಪತ್ರದ ಒಂದೊಂದು ಅಕ್ಷರವನ್ನೂ ಎಳೆದಾಡಿ ಬಲ್ಲ ವಕೀಲನಿಗೆ ಅದರ ರುಚಿಯೇ ಬೇರೆ.

ಗೋಲ್ಡ್‌ಸ್ಮಿತ್ತನ 1773ರ ಪ್ರಹಸನವನ್ನು ಅವರು ‘ವಶೀಕರಣ’ವನ್ನಾಗಿ ಮಾಡಿದರು. ಮೂಲದ ನಾಯಕನು ಕುಲೀನ ಕನ್ಯೆಯರೆದುರು ತಲೆಯೆತ್ತಲಾರನು. ಸೇವಕಿಯರೊಡನೆಯಾದರೋ ಮಹಾ ವಾಚಾಳಿ. ಹೆಣ್ಣು ನೋಡಬಂದ ಮನೆಯನ್ನೇ ವಸತಿಗೃಹವೆಂದು ಭ್ರಮಿಸಿ ಭಾವೀ ಮಾವನ ಮೇಲೆ ಅಧಿಕಾರ ನಡೆಯಿಸುತ್ತಾನೆ. ಮನೆಯ ಮಗಳು ಪರಿಚಾರಿಕೆಯಂತೆ ನಟಿಸಿ ಅವನ ಮನಸ್ಸನ್ನು ಗೆಲ್ಲುತ್ತಾಳೆ. ಇಂಗ್ಲಿಷಿನ ಹೆಸರು ಅವಳು ಬಾಗಿದುದನ್ನು ಹೇಳುತ್ತದೆ. ಆಚಾರ್ಯರು ಅವಳ ಗೆಲವನ್ನೇ ಹೆಸರಾಗಿಟ್ಟರು. ವಶೀಕರಣವೆಂದೊಡನೆ ಮಾಟಮಂತ್ರವನ್ನು ನೆನೆಯಬೇಕಾಗಿಲ್ಲ. ವಶದಲ್ಲಿಲ್ಲದುದನ್ನು ವಶಮಾಡಿಕೊಳ್ಳುವುದೆಂದೇ ಆ ಪದದ ಅರ್ಥ. ಚ್ವಿಪ್ರತ್ಯಯವನ್ನು ಓದಿದವರು ಬಲ್ಲರು. (ನಮ್ಮ ಶಿಷ್ಯರು ಮರೆತಿದ್ದರೆ ಅದು ಅವರ ತಪ್ಪು.)

ಇಷ್ಟನ್ನು ಕೇಳಿ ನೆರೆಯವರು, “ಹಾಸ್ಯ ಬರೆಯುವವನಿಗೆ ಗೌರವವುಂಟೆ?” ಎಂದರು. ಭರತಮುನಿಯು ಪ್ರಹಸನವನ್ನು ದಶರೂಪಕಗಳಲ್ಲಿ ಎಣಿಸಿದ್ದಾನೆ. ಪಲ್ಲವರಾಜ ಮಹೇಂದ್ರವರ್ಮನು ‘ಮತ್ತವಿಲಾಸ’ವನ್ನು ಬರೆದರೂ ಸಿಂಹಾಸನವೇನೂ ಅಲುಗಲಿಲ್ಲ. ಇಷ್ಟಾದರೂ ತಂದೆಯ ಚಿಂತೆ ಸುಳ್ಳಲ್ಲ. ಮಹೇಂದ್ರವರ್ಮನಿಗೆ ಓದಿನ ಸಾಲವಿರಲಿಲ್ಲ. ವಾರಕ್ಕೆ ನಾಲ್ಕು ದಿನವಾದರೂ ಕೋರ್ಟಿಗೆ ಹೋಗೆಂದು ಹುಡುಗನಿಗೆ ಹೇಳಿದ್ದೇವೆ. ನಾಟಕಕ್ಕೆ ಬೇಕಾದ ಪಾತ್ರಗಳು ಅಲ್ಲಿಯೇ ಸಿಕ್ಕುತ್ತವೆ.

ಅವನು ಹಸ್ತಪ್ರತಿಯನ್ನು ಕೊಟ್ಟು ಹೋಗಿದ್ದಾನೆ. ಎರಡನೆಯ ಅಂಕದಲ್ಲಿ ಬರುವ ಮುಂಗೋಪಿ ತಂದೆ ನಮ್ಮ ನೆರೆಯವರೇ ಎಂಬುದರಲ್ಲಿ ಸಂದೇಹವಿಲ್ಲ. ಅವರು ಈ ಪತ್ರಿಕೆಯ ಚಂದಾದಾರರಲ್ಲವೆಂಬುದೊಂದೇ ಸಮಾಧಾನ.